ಸ್ಕ್ಯಾನರ್‌ಗೆ ‘ಸುಮ್ನಿರು’ ಅನ್ನೋದು ಹೇಗೆ?

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಸ್ಕ್ಯಾನರ್ ಬಗ್ಗೆಯೇ ಇವೆ. ಎಲ್ಲರ ಮನೆಯಲ್ಲೂ ಹಳೇ ಫೋಟೊಗಳ ಒಂದು ಡಬ್ಬಿ ಇರುತ್ತದೆ. ಅದನ್ನು ಕಂಪ್ಯೂಟರಿಗೆ ಇಳಿಸಬೇಕು ಎಂಬ ಆಸೆಯೂ ಇರುತ್ತದೆ. ಸಾಫ್ಟ್‌ವೇರ್ ತೆರೆದರೆ ಮಾತ್ರ ನೂರೆಂಟು ಗುಂಡಿಗಳು. ನಾನು ಪುಟವಿನ್ಯಾಸದ ಕೆಲಸದಲ್ಲಿ ಬೆಳೆದವನು. ಸ್ಕ್ಯಾನರ್ ಪಕ್ಕದಲ್ಲೇ ಕೂತು ಅದರ ಜೊತೆ ವರ್ಷಗಟ್ಟಲೆ ಜಗಳ ಆಡಿದ್ದೇನೆ. ಉತ್ತರಗಳೆಲ್ಲ ಆ ಜಗಳದಿಂದಲೇ ಬಂದವು.

ಪ್ರಶ್ನೆ: ನಮ್ಮ ತಂದೆ ತೆಗೆದ ಸುಮಾರು 200 ಕಪ್ಪು ಬಿಳುಪು ಫೋಟೊಗಳನ್ನು ಸ್ಕ್ಯಾನ್ ಮಾಡುತ್ತಿದ್ದೇನೆ. ಒಂದೇ ದಿನ, ಒಂದೇ ಜಾಗದಲ್ಲಿ ತೆಗೆದ ಫೋಟೊಗಳೂ ಒಂದು ತೆಳುವಾಗಿ, ಇನ್ನೊಂದು ಕಡುವಾಗಿ ಬರುತ್ತಿವೆ. ನಾನು ಯಾವ ಸೆಟ್ಟಿಂಗನ್ನೂ ಮುಟ್ಟಿಲ್ಲ. ಸ್ಕ್ಯಾನರ್ ಕೆಟ್ಟಿದೆಯಾ?

ಉತ್ತರ: ಕೆಟ್ಟಿಲ್ಲ. ಜಾಸ್ತಿ ಜಾಣತನ ತೋರಿಸುತ್ತಿದೆ, ಅಷ್ಟೇ. ಮುಟ್ಟಿಲ್ಲ ಅಂದಿರಲ್ಲ, ಅಲ್ಲೇ ಇದೆ ನೋಡಿ ಗುಟ್ಟು. ಮುಟ್ಟದೇ ಬಿಟ್ಟರೆ ಎಲ್ಲವೂ ‘ಆಟೋ’ದಲ್ಲಿ ಇರುತ್ತದೆ.

ಆಟೋ ಏನು ಮಾಡುತ್ತದೆ ಅಂದರೆ, ಚಿತ್ರದಲ್ಲಿ ಅತಿ ಕಪ್ಪಾದ ಜಾಗ ಯಾವುದು, ಅತಿ ಬೆಳ್ಳಗಿರುವ ಜಾಗ ಯಾವುದು ಎಂದು ಹುಡುಕುತ್ತದೆ. ಮೊದಲನೆಯದನ್ನು ಪೂರ್ತಿ ಕಪ್ಪು ಮಾಡುತ್ತದೆ, ಎರಡನೆಯದನ್ನು ಪೂರ್ತಿ ಬಿಳಿ ಮಾಡುತ್ತದೆ. ಉಳಿದದ್ದನ್ನೆಲ್ಲ ಮಧ್ಯದಲ್ಲಿ ಎಳೆದು ಹರಡುತ್ತದೆ. ಒಂದು ಫೋಟೊದಲ್ಲಿ ಬಿಳಿ ಅಂಗಿ ಹಾಕಿದ ಹುಡುಗ ನಿಂತಿದ್ದಾನೆ, ಇನ್ನೊಂದರಲ್ಲಿ ಅದೇ ಹುಡುಗ ಕಪ್ಪು ಬಾಗಿಲ ಮುಂದೆ ಇದ್ದಾನೆ ಅಂದುಕೊಳ್ಳಿ. ಎರಡಕ್ಕೂ ಲೆಕ್ಕ ಬೇರೆ ಬೇರೆ ಆಗುತ್ತದೆ. ಹುಡುಗನ ಮುಖ ಒಂದರಲ್ಲಿ ಬೂದಿ ಬಣ್ಣ, ಇನ್ನೊಂದರಲ್ಲಿ ಸುಣ್ಣ ಬಳಿದ ಹಾಗೆ.

ಇದಕ್ಕಿಂತ ಮಜಾ ಇನ್ನೊಂದಿದೆ. ಪ್ರಿವ್ಯೂ ನೋಡಿದ ಮೇಲೆ ನೀವು ಎಳೆಯುವ ಕ್ರಾಪ್ ಚೌಕಟ್ಟಿನ ಒಳಗೆ ಏನೇನು ಬೀಳುತ್ತದೋ ಅದೆಲ್ಲ ಈ ಲೆಕ್ಕಕ್ಕೆ ಸೇರುತ್ತದೆ. ಫೋಟೊ ಅಂಚಿನಾಚೆ ಸ್ಕ್ಯಾನರ್ ಮುಚ್ಚಳದ ಬಿಳಿ ಬಣ್ಣ ಒಂದು ಎಳೆಯಷ್ಟು ಇಣುಕಿದರೂ, ಸಾಫ್ಟ್‌ವೇರ್ ‘ಇದೇ ಅತಿ ಬಿಳಿ’ ಎಂದು ತೀರ್ಮಾನಿಸುತ್ತದೆ. ಫೋಟೊ ಮಂಕಾಗುತ್ತದೆ. ಹಾಗಾಗಿ ಆಟೋ ಬಿಡಲು ಮನಸ್ಸಿಲ್ಲದಿದ್ದರೆ ಕ್ರಾಪನ್ನಾದರೂ ಚಿತ್ರದ ಒಳಗೇ ಇಟ್ಟುಕೊಳ್ಳಿ. ಹಳೇ ಫೋಟೊಗಳ ಬಿಳಿ ಅಂಚೂ ಬೇಕು ಅಂದರೆ ಆಟೋ ಬಿಡಲೇಬೇಕು. ನನಗಂತೂ ಅಂಚು ಬೇಕು. ಎಷ್ಟೋ ಸಲ ತಾರೀಖು ಇರುವುದೇ ಅಲ್ಲಿ.

ನೀವು ಮಾಡಬೇಕಾದ್ದು ಇಷ್ಟು. ಆಟೋ ಎಕ್ಸ್‌ಪೋಷರ್, ಆಟೋ ಟೋನ್, ಆಟೋ ಕಲರ್, ಯಾವ ಹೆಸರಲ್ಲಿದ್ದರೂ ಆಫ್ ಮಾಡಿ. ನೀವು ವ್ಯೂಸ್ಕ್ಯಾನ್ ಎಂಬ ಸ್ಕ್ಯಾನಿಂಗ್ ಸಾಫ್ಟ್‌ವೇರ್ ಬಳಸುವವರಾದರೆ ಕಲರ್ ಟ್ಯಾಬ್‌ನಲ್ಲಿ ಕಲರ್ ಬ್ಯಾಲೆನ್ಸ್ ಎಂಬುದಿದೆ. ಅದನ್ನು ಆಟೋ ಲೆವೆಲ್ಸ್‌ನಿಂದ ಮ್ಯಾನ್ಯುಯಲ್‌ಗೆ ತನ್ನಿ. ಇನ್‌ಪುಟ್ ಟ್ಯಾಬ್‌ನಲ್ಲಿ ಲಾಕ್ ಎಕ್ಸ್‌ಪೋಷರ್ ಎಂಬ ಟಿಕ್ ಗುರುತು ಸಿಗುತ್ತದೆ. ಒಂದು ಒಳ್ಳೆಯ ಫೋಟೊ ಇಟ್ಟು, ಪ್ರಿವ್ಯೂ ನೋಡಿ, ಅದನ್ನು ಒತ್ತಿಬಿಟ್ಟರೆ ಉಳಿದ ಫೋಟೊಗಳಿಗೂ ಅದೇ ಬೆಳಕು. ಈ ಆಯ್ಕೆಗಳು ಕಾಣದೇ ಹೋದರೆ ಗಾಬರಿ ಬೇಡ. ಇಂಥ ಸಾಫ್ಟ್‌ವೇರ್‌ಗಳು ಮೊದಲಿಗೆ ಬೇಸಿಕ್ ಅವತಾರದಲ್ಲಿ ತೆರೆದುಕೊಂಡು ಅರ್ಧ ಗುಂಡಿಗಳನ್ನು ಬಚ್ಚಿಟ್ಟಿರುತ್ತವೆ. ಪ್ರೊಫೆಷನಲ್ ಅಥವಾ ಅಡ್ವಾನ್ಸ್ಡ್ ಮೋಡ್‌ಗೆ ಹೋಗಿ.

ಚಿತ್ರ ಸ್ವಲ್ಪ ಸಪ್ಪೆಯಾಗಿ ಬರುತ್ತದೆ. ಬರಲಿ ಬಿಡಿ. ಸಪ್ಪೆ ಚಿತ್ರಕ್ಕೆ ಆಮೇಲೆ ಎಡಿಟಿಂಗ್‌ನಲ್ಲಿ ಕಾಂಟ್ರಾಸ್ಟ್ ಕೊಡಬಹುದು. ಒಮ್ಮೆ ಪೂರ್ತಿ ಬಿಳಿಯಾಗಿ ಹೋದ ಮುಖದಲ್ಲಿ ಮತ್ತೆ ಮೂಗು ಹುಡುಕಲು ಆಗುವುದಿಲ್ಲ.

ಇನ್ನೊಂದು ಮಾತು, ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಕಪ್ಪು ಬಿಳುಪು ಫೋಟೊ ಅಂತ ಗ್ರೇಸ್ಕೇಲ್, ಅಂದರೆ ಬರೀ ಬೂದಿ ಛಾಯೆಗಳ ಆಯ್ಕೆ, ಇಟ್ಟಿರುತ್ತೀರಿ, ಅಲ್ವಾ? ಕಲರ್‌ನಲ್ಲೇ ಸ್ಕ್ಯಾನ್ ಮಾಡಿ. ಹಳದಿ ಕಲೆ ಬಿದ್ದ ಫೋಟೊ ಇದ್ದರೆ ಇದರ ಬೆಲೆ ಗೊತ್ತಾಗುತ್ತದೆ. ಕಲರ್ ಸ್ಕ್ಯಾನ್ ಅಂದರೆ ಕೆಂಪು, ಹಸಿರು, ನೀಲಿ ಎಂಬ ಮೂರು ಪದರ, ಒಂದೊಂದೂ ಒಂದು ಚಾನೆಲ್. ಹಳದಿ ಅನ್ನುವುದು ನೀಲಿ ಬೆಳಕನ್ನು ನುಂಗುವ ಬಣ್ಣ. ಹಾಗಾಗಿ ಆ ಕಲೆ ನೀಲಿ ಚಾನೆಲ್‌ನಲ್ಲಿ ಕಪ್ಪಗೆ ಎದ್ದು ಕಾಣುತ್ತದೆ, ಕೆಂಪು ಚಾನೆಲ್‌ನಲ್ಲಿ ಬಹುಪಾಲು ಮಾಯ. ಎಡಿಟಿಂಗ್‌ನಲ್ಲಿ ಕೆಂಪು ಚಾನೆಲ್ ಒಂದನ್ನೇ ಇಟ್ಟುಕೊಂಡರೆ ಅರ್ಧ ಕೆಲಸ ಮುಗಿದ ಹಾಗೆ. ಗ್ರೇಸ್ಕೇಲ್‌ನಲ್ಲಿ ಸ್ಕ್ಯಾನ್ ಮಾಡಿದ್ದರೆ ಕಲೆಯೂ ಮುಖವೂ ಒಂದೇ ಬೂದಿ ಬಣ್ಣ, ಬಿಡಿಸುವವರು ಯಾರು?

ಪ್ರಶ್ನೆ: ಧೂಳು ತೆಗೆಯುವ ಆಯ್ಕೆ, ಶಾರ್ಪನ್ ಮಾಡುವ ಆಯ್ಕೆ ಎರಡೂ ಇವೆ. ಎರಡನ್ನೂ ‘ಹೈ’ನಲ್ಲಿ ಇಟ್ಟರೆ ಫೋಟೊ ಚೆನ್ನಾಗಿ ಬರುತ್ತದಲ್ಲವೇ?

ಉತ್ತರ: ನಾನೂ ಹಾಗೇ ಅಂದುಕೊಂಡಿದ್ದೆ. ಅಜ್ಜಿಯ ಆಲ್ಬಮ್ ಸ್ಕ್ಯಾನ್ ಮಾಡಲು ಕೂತಾಗ ಧೂಳು ತೆಗೆಯುವುದನ್ನು ಹೈನಲ್ಲಿಟ್ಟು, ಎರಡು ಭಾನುವಾರ ಕೂತು, ಪೂರ್ತಿ ಆಲ್ಬಮ್ ಮುಗಿಸಿದೆ. ಪರದೆ ಮೇಲೆ ಎಲ್ಲವೂ ನೀಟಾಗಿ ಕಂಡವು. ಅಮ್ಮನಿಗೆ ತೋರಿಸಿದೆ. ಅವಳು ಸ್ವಲ್ಪ ಹೊತ್ತು ನೋಡಿ, “ಇದ್ಯಾಕೋ ಅವಳಲ್ಲ ಅನ್ಸುತ್ತೆ” ಅಂದಳು. ನನಗೆ ಸಿಟ್ಟು ಬಂತು. ಆಮೇಲೆ ಮೂಲ ಫೋಟೊ ಪಕ್ಕದಲ್ಲಿಟ್ಟು ಕಣ್ಣಿನ ಜಾಗವನ್ನು ದೊಡ್ಡದು ಮಾಡಿ ನೋಡಿದೆ.

ಅಜ್ಜಿಯ ಕಣ್ಣಿನ ಪಾಪೆಯಲ್ಲಿ ಒಂದು ಸಣ್ಣ ಬಿಳಿ ಚುಕ್ಕೆ ಇತ್ತು. ಕಿಟಕಿಯ ಬೆಳಕು ಬಿದ್ದು ಹೊಳೆದದ್ದು. ಸಾಸಿವೆಗಿಂತ ಸಣ್ಣದು. ಸಾಫ್ಟ್‌ವೇರ್ ಅದನ್ನು ಧೂಳು ಎಂದು ತಿಳಿದು ಒರೆಸಿಹಾಕಿತ್ತು. ಎರಡೂ ಕಣ್ಣಲ್ಲಿ. ಕಪ್ಪು ಜಾಗದ ನಡುವೆ ಒಂಟಿ ಬಿಳಿ ಚುಕ್ಕೆ ಕಂಡರೆ ಅದರ ಲೆಕ್ಕದಲ್ಲಿ ಕಸ. ಕಣ್ಣಿಗೂ ಕಸಕ್ಕೂ ಅದಕ್ಕೆ ವ್ಯತ್ಯಾಸ ಗೊತ್ತಿಲ್ಲ. ಅಮ್ಮನಿಗೆ ಗೊತ್ತಾಗಿತ್ತು. ಪೂರ್ತಿ ಆಲ್ಬಮ್ ಮತ್ತೆ ಮೊದಲಿಂದ ಮಾಡಿದೆ.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. ಧೂಳು ತೆಗೆಯುವುದರಲ್ಲಿ ಎರಡು ಜಾತಿ ಇವೆ. ಒಂದು ಇನ್‌ಫ್ರಾರೆಡ್ ಬೆಳಕಿನದು, ಫಿಲ್ಮ್ ಸ್ಕ್ಯಾನರ್‌ಗಳಲ್ಲಿ ಇರುತ್ತದೆ. ಕಲರ್ ನೆಗೆಟಿವ್‌ನ ಬಣ್ಣದ ಪದರ ಇನ್‌ಫ್ರಾರೆಡ್ ಕಿರಣವನ್ನು ದಾಟಲು ಬಿಡುತ್ತದೆ, ಧೂಳು ಬಿಡುವುದಿಲ್ಲ. ಹಾಗಾಗಿ ಧೂಳು ಎಲ್ಲಿದೆ ಎಂಬುದು ಸ್ಕ್ಯಾನರ್‌ಗೆ ನಿಜವಾಗಿ ಕಾಣುತ್ತದೆ. ಇದು ಒಳ್ಳೆಯದು, ಧಾರಾಳವಾಗಿ ಬಳಸಿ. ಆದರೆ ಮಾಮೂಲಿ ಕಪ್ಪು ಬಿಳುಪು ನೆಗೆಟಿವ್‌ಗೆ ಬೇಡ. ಅದರಲ್ಲಿ ಚಿತ್ರ ಮೂಡಿರುವುದೇ ಬೆಳ್ಳಿಯ ಕಣಗಳಿಂದ. ಬೆಳ್ಳಿಯೂ ಇನ್‌ಫ್ರಾರೆಡ್ಡನ್ನು ತಡೆಯುತ್ತದೆ, ಚಿತ್ರವೇ ಧೂಳು ಅಂದುಕೊಂಡು ಕೆಡಿಸುತ್ತದೆ. ಕಾಗದದ ಫೋಟೊಗಂತೂ ಇದು ಸಾಧ್ಯವೇ ಇಲ್ಲ, ಬೆಳಕು ಕಾಗದವನ್ನು ದಾಟಬೇಕಲ್ಲ.

ಇನ್ನೊಂದು ಜಾತಿ ಬರೀ ಊಹೆಯದು. ಕಾಗದದ ಫೋಟೊಗೆ ನಿಮ್ಮ ಸಾಫ್ಟ್‌ವೇರ್ ಕೊಡುವುದು ಇದನ್ನೇ. ಆಫ್ ಮಾಡಿಡಿ. ಅದರ ಬದಲು ಗಾಜು ಒರೆಸಿ, ಫೋಟೊ ಮೇಲೆ ಮೆತ್ತನೆ ಬ್ರಷ್ ಆಡಿಸಿ. ಶಾರ್ಪನ್‌ಗೂ ಇದೇ ಮಾತು. ಸ್ಕ್ಯಾನ್ ಮಾಡುವಾಗ ಶಾರ್ಪನ್ ಮಾಡಿದರೆ ಅಂಚುಗಳ ಜೊತೆಗೆ ಕಾಗದದ ಒರಟು, ಧೂಳು, ಗೀರು ಎಲ್ಲವೂ ಚೂಪಾಗುತ್ತವೆ. ಒಮ್ಮೆ ಹಾಕಿದ್ದನ್ನು ತೆಗೆಯಲು ಆಗದು.

ಪ್ರಶ್ನೆ: ಪ್ರತಿ ಸಲ ಸಾಫ್ಟ್‌ವೇರ್ ಮುಚ್ಚಿ ತೆರೆದಾಗ ನಾನು ಇಟ್ಟ ಸೆಟ್ಟಿಂಗ್‌ಗಳು ಹೋಗಿರುತ್ತವೆ. ಇಲ್ಲವೇ ನಾನು ಯಾವಾಗಲೋ ಇಟ್ಟದ್ದು ಇನ್ನೂ ಕೂತಿರುತ್ತದೆ. ಯಾವುದನ್ನು ನಂಬುವುದು?

ಉತ್ತರ: ಎರಡೂ ಒಂದೇ ಕಾಯಿಲೆ. ಸಾಫ್ಟ್‌ವೇರ್‌ಗೆ ನೆನಪು ಇರುವ ರೀತಿ ಒಂದೊಂದರಲ್ಲಿ ಒಂದೊಂದು ಥರ. ಕೆಲವು ಕೊನೆಯ ಸಲದ ಸೆಟ್ಟಿಂಗನ್ನೇ ಹಿಡಿದುಕೊಂಡಿರುತ್ತವೆ. ಕೆಲವು ಪ್ರತಿ ಸಲ ಹೊಸದಾಗಿ ಶುರು ಮಾಡುತ್ತವೆ.

ವ್ಯೂಸ್ಕ್ಯಾನ್ ಮೊದಲ ಪಂಗಡದ್ದು. ಎಲ್ಲವನ್ನೂ ವ್ಯೂಸ್ಕ್ಯಾನ್ ಡಾಟ್ ಐಎನ್ಐ ಎಂಬ ಸಣ್ಣ ಫೈಲಿನಲ್ಲಿ ಬರೆದಿಟ್ಟುಕೊಳ್ಳುತ್ತದೆ. ಏನೋ ಎಡವಟ್ಟಾಗಿ, ಯಾವ ಗುಂಡಿ ಒತ್ತಿದೆವೋ ತಿಳಿಯದೆ ಚಿತ್ರವೆಲ್ಲ ಹಸಿರಾಗಿ ಬರುತ್ತಿದ್ದರೆ, ಒಂದೊಂದನ್ನೇ ಹುಡುಕುತ್ತ ಕೂರಬೇಡಿ. ಫೈಲ್ ಮೆನುವಿನಲ್ಲಿ ಡಿಫಾಲ್ಟ್ ಆಪ್ಷನ್ಸ್ ಒತ್ತಿ. ಎಲ್ಲ ಅಳಿಸಿ ಹೊಸದಾಗುತ್ತದೆ. ಅದೇ ಮೆನುವಿನಲ್ಲಿ ಸೇವ್ ಆಪ್ಷನ್ಸ್ ಇದೆ. ಫೋಟೊಗೆ ಒಂದು, ಕಾಗದಪತ್ರಕ್ಕೆ ಒಂದು, ನೆಗೆಟಿವ್‌ಗೆ ಒಂದು ಹೆಸರು ಕೊಟ್ಟು ಉಳಿಸಿಟ್ಟುಕೊಳ್ಳಿ. ಬೇಕಾದಾಗ ಲೋಡ್ ಮಾಡಿದರಾಯಿತು. ನ್ಯಾಪ್ಸ್2 ಎಂಬ ಉಚಿತ ಸಾಫ್ಟ್‌ವೇರ್‌ನಲ್ಲಿ ಇದಕ್ಕೆ ಪ್ರೊಫೈಲ್ ಅನ್ನುತ್ತಾರೆ.

ಪ್ರೊಫೈಲ್ ಇದ್ದರೂ ನಾನು ಒಂದು ಕೆಲಸ ಮಾಡುತ್ತೇನೆ. ಫೋಟೊಗಳ ಫೋಲ್ಡರ್ ಒಳಗೇ ಒಂದು ಸಣ್ಣ ಟೆಕ್ಸ್ಟ್ ಫೈಲ್. ‘600 ಡಿಪಿಐ, ಕಲರ್, ಆಟೋ ಇಲ್ಲ, ಶಾರ್ಪನ್ ಇಲ್ಲ, ಟಿಫ್.’ ಅಷ್ಟೇ. (ಡಿಪಿಐ ಅಂದರೆ ಒಂದು ಇಂಚಿಗೆ ಎಷ್ಟು ಚುಕ್ಕೆ ಎಂಬ ಲೆಕ್ಕ, ಟಿಫ್ ಅಂದರೆ ಚಿತ್ರವನ್ನು ಸವೆಸದೆ ಉಳಿಸುವ ಫೈಲ್ ಬಗೆ.) ಆರು ತಿಂಗಳು ಬಿಟ್ಟು ಮತ್ತೆ ಶುರು ಮಾಡಿದಾಗ ಇದು ಕೈ ಹಿಡಿಯುತ್ತದೆ.

ಫೈಲಿನ ಹೆಸರೂ ಸೆಟ್ಟಿಂಗ್‌ನಲ್ಲೇ ಸೇರಿದ್ದು ಅನ್ನುವುದನ್ನು ಎಷ್ಟೋ ಜನ ಮರೆಯುತ್ತಾರೆ. ವ್ಯೂಸ್ಕ್ಯಾನ್‌ನಲ್ಲಿ ಹೆಸರಿನ ಕೊನೆಗೆ 0001+ ಎಂದು ಬರೆದರೆ ಪ್ರತಿ ಸ್ಕ್ಯಾನ್‌ಗೂ ಸಂಖ್ಯೆ ತಾನೇ ಏರುತ್ತದೆ. ಆ ಪುಟ್ಟ ಕೂಡುವ ಚಿಹ್ನೆ ಬಿಟ್ಟುಹೋದರೆ ಹಳೆಯ ಫೈಲಿನ ಮೇಲೇ ಹೊಸದು ಕೂರುವ ಅಪಾಯ ಇದೆ. ಹುಷಾರು.

ಪ್ರಶ್ನೆ: ನನ್ನ ಸ್ಕ್ಯಾನರ್‌ನಲ್ಲಿ 9600 ಡಿಪಿಐವರೆಗೂ ಇದೆ. ಜಾಸ್ತಿ ಇಟ್ಟಷ್ಟೂ ಒಳ್ಳೆಯದು ತಾನೇ?

ಉತ್ತರ: ಅಲ್ಲ. ಮೊದಲು ಡಬ್ಬಿಯ ಮೇಲೋ ಕೈಪಿಡಿಯಲ್ಲೋ ‘ಆಪ್ಟಿಕಲ್’ ಎಂಬ ಪದದ ಪಕ್ಕ ಯಾವ ಅಂಕಿ ಇದೆ ನೋಡಿ. ಸೆನ್ಸರ್ ನಿಜವಾಗಿ ನೋಡುವುದು ಅಷ್ಟು. ಅದಕ್ಕಿಂತ ಮೇಲಿನದು ಇಂಟರ್‌ಪೊಲೇಟೆಡ್, ಅಂದರೆ ಎರಡು ಚುಕ್ಕೆಗಳ ನಡುವೆ ಮೂರನೆಯದನ್ನು ಲೆಕ್ಕ ಹಾಕಿ ತುಂಬಿದ್ದು. ಹೊಸ ವಿವರ ಏನೂ ಬರುವುದಿಲ್ಲ, ಫೈಲ್ ಮಾತ್ರ ಊದಿಕೊಳ್ಳುತ್ತದೆ.

4x6 ಇಂಚಿನ ಫೋಟೊವನ್ನು 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿದರೆ 2400x3600 ಚುಕ್ಕೆ. ಸುಮಾರು 86 ಲಕ್ಷ ಪಿಕ್ಸೆಲ್. 24 ಬಿಟ್ ಕಲರ್‌ನಲ್ಲಿ, ಅಂದರೆ ಒಂದು ಪಿಕ್ಸೆಲ್‌ಗೆ ಮೂರು ಬೈಟ್ ಲೆಕ್ಕದಲ್ಲಿ, ಕುಗ್ಗಿಸದೆ ಇಟ್ಟರೆ, ಹತ್ತಿರ ಹತ್ತಿರ 26 ಎಂಬಿ. 1200ಕ್ಕೆ ಏರಿಸಿದರೆ ಎರಡು ಪಟ್ಟು ಅಲ್ಲ, ನಾಲ್ಕು ಪಟ್ಟು. ಕಾಗದದ ಫೋಟೊದಲ್ಲಿ ಅಷ್ಟು ವಿವರ ಇರುವುದೇ ಅಪರೂಪ. ನಂಬಿಕೆ ಬಾರದಿದ್ದರೆ ಒಂದು ಒಳ್ಳೆಯ ಫೋಟೊವನ್ನು 300, 600, 1200 ಮೂರರಲ್ಲೂ ಸ್ಕ್ಯಾನ್ ಮಾಡಿ. ರೆಪ್ಪೆಗೂದಲು ಇರುವ ಜಾಗವನ್ನು ದೊಡ್ಡದು ಮಾಡಿ ಪಕ್ಕ ಪಕ್ಕ ಇಟ್ಟು ನೋಡಿ. ಯಾವ ಹಂತದಲ್ಲಿ ಹೊಸ ಕೂದಲು ಕಾಣುವುದು ನಿಂತು ಕಾಗದದ ನಾರು ಮಾತ್ರ ಕಾಣತೊಡಗುತ್ತದೋ ಅಲ್ಲಿಗೆ ಸಾಕು.

ನೆಗೆಟಿವ್ ಬೇರೆಯೇ ಲೆಕ್ಕ. 35 ಎಂಎಂ ಫಿಲ್ಮಿನ ಒಂದು ಚೌಕ ಬರೀ 24x36 ಮಿಲಿಮೀಟರ್. 300 ಡಿಪಿಐ ಇಟ್ಟರೆ ಅಂಚೆಚೀಟಿ ಗಾತ್ರದ ಚಿತ್ರ ಸಿಗುತ್ತದೆ, 283x425 ಪಿಕ್ಸೆಲ್. 2400 ಇಟ್ಟರೆ ಸುಮಾರು 77 ಲಕ್ಷ ಪಿಕ್ಸೆಲ್. ಇಲ್ಲಿ ದೊಡ್ಡ ಅಂಕಿಗೆ ಅರ್ಥ ಇದೆ.

ಪ್ರಶ್ನೆ: ಹಿಂದಿನ ಒಂದು ಸಂಚಿಕೆಯಲ್ಲಿ ಎಲ್ಲವನ್ನೂ ಟಿಫ್‌ನಲ್ಲಿ ಉಳಿಸಿ ಎಂದಿರಿ. ನಿಮ್ಮ ಮಾತು ಕೇಳಿ ನನ್ನ ಡಿಸ್ಕ್ ತುಂಬಿಹೋಯಿತು!

ಉತ್ತರ: ತಪ್ಪು ನನ್ನದೇ, ಅರ್ಧ ಮಾತು ಹೇಳಿದ್ದೆ. 26 ಎಂಬಿಯ ಸಾವಿರ ಫೋಟೊ ಅಂದರೆ 26 ಜಿಬಿ. ನೀವು 48 ಬಿಟ್ ಬೇರೆ ಇಟ್ಟಿದ್ದೀರಿ ಅಂತ ಪತ್ರದಲ್ಲಿದೆ. ಅದು ಇದರ ಎರಡರಷ್ಟು.

ಮತ್ತೆ ಮತ್ತೆ ತಿದ್ದುವ ಚಿತ್ರಗಳಿಗೆ, ಮಾಸಿಹೋದ ಕಲರ್ ಫೋಟೊಗಳಿಗೆ, ನೆಗೆಟಿವ್‌ಗಳಿಗೆ ಟಿಫ್ ಇಡಿ. 48 ಬಿಟ್‌ನ ಉಪಯೋಗವೂ ಅಲ್ಲೇ. ಬಣ್ಣವನ್ನು ಬಲವಾಗಿ ಎಳೆದಾಡಿದರೂ ಆಕಾಶದಲ್ಲಿ ಪಟ್ಟೆ ಪಟ್ಟೆ ಏಳುವುದಿಲ್ಲ. ಉಳಿದ ಮಾಮೂಲಿ ಫೋಟೊಗಳಿಗೆ ಜೆಪೆಗ್ ಸಾಕು, ಕ್ವಾಲಿಟಿಯನ್ನು 95ರ ಆಸುಪಾಸಿನಲ್ಲಿ ಇಡಿ. ಜೆಪೆಗ್ ಫೈಲನ್ನು ತಿದ್ದಿ ತಿದ್ದಿ ಅದೇ ಹೆಸರಲ್ಲಿ ಉಳಿಸುತ್ತ ಹೋಗಬೇಡಿ, ಪ್ರತಿ ಸಲವೂ ಚೂರು ಚೂರು ಸವೆಯುತ್ತದೆ. ಟಿಫ್‌ಗೆ ಎಲ್‌ಜಡ್‌ಡಬ್ಲ್ಯೂ ಕಂಪ್ರೆಷನ್ ಹಾಕಿದರೆ ಚಿತ್ರಕ್ಕೆ ಏನೂ ನಷ್ಟವಿಲ್ಲದೆ ಸ್ವಲ್ಪ ಜಾಗ ಉಳಿಯುತ್ತದೆ. ಆದರೆ 48 ಬಿಟ್ ಚಿತ್ರಕ್ಕೆ ಹಾಕಿದರೆ ಕೆಲವು ಸಲ ಫೈಲ್ ಇನ್ನೂ ದೊಡ್ಡದಾಗುವುದುಂಟು. ನಗಬೇಡಿ, ನಿಜ.

ಪ್ರಶ್ನೆ: ಹಳೇ ಪತ್ರಿಕೆಯಲ್ಲಿ ಬಂದ ಚಿತ್ರ ಸ್ಕ್ಯಾನ್ ಮಾಡಿದರೆ ಅದರ ಮೇಲೆಲ್ಲ ಅಲೆ ಅಲೆ ಗೆರೆ.

ಉತ್ತರ: ಎರಡು ಸೊಳ್ಳೆ ಪರದೆಗಳನ್ನು ಒಂದರ ಮೇಲೊಂದು ಹಿಡಿದು ನೋಡಿದ್ದೀರಾ? ಅದೇ ಇದು. ಅಚ್ಚಾದ ಚಿತ್ರ ಚುಕ್ಕೆಗಳಿಂದ ಆದದ್ದು, ಸ್ಕ್ಯಾನರ್ ನೋಡುವುದೂ ಚುಕ್ಕೆಗಳಲ್ಲೇ. ಎರಡು ಜಾಲರಿ ಕೂಡಿ ಅಲೆ ಏಳುತ್ತದೆ. ಅಚ್ಚಿನವರು ಇದನ್ನು ಮೊಯಿರೆ ಅನ್ನುತ್ತಾರೆ. ಡಿಸ್ಕ್ರೀನ್ ಎಂಬ ಆಯ್ಕೆ ಹಾಕಿ. ಅದು ಲೈನ್ ಎಷ್ಟು (ಇಂಚಿಗೆ ಅಚ್ಚಿನ ಚುಕ್ಕೆಗಳ ಸಾಲು ಎಷ್ಟು) ಎಂದು ಕೇಳಿದರೆ ದಿನಪತ್ರಿಕೆಗೆ 85, ವಾರಪತ್ರಿಕೆಗೆ 133, ನುಣುಪು ಕಾಗದಕ್ಕೆ 175 ಕೊಟ್ಟು ನೋಡಿ. ಕೆಲಸ ಮುಗಿದ ಮೇಲೆ ಮರೆಯದೆ ಆಫ್ ಮಾಡಿ. ಫೋಟೊ ಮೇಲೆ ಡಿಸ್ಕ್ರೀನ್ ಓಡಿದರೆ ಮಂಜು ಮುಸುಕಿದ ಹಾಗೆ ಆಗುತ್ತದೆ.

ಪ್ರಶ್ನೆ: ಕನ್ನಡದ ಹಳೇ ಪುಸ್ತಕವನ್ನು ಸ್ಕ್ಯಾನ್ ಮಾಡಿ ಓಸಿಆರ್ (ಚಿತ್ರದಲ್ಲಿನ ಅಕ್ಷರಗಳನ್ನು ಪಠ್ಯವಾಗಿಸುವುದು) ಮಾಡಿಸಿದೆ. ಒತ್ತಕ್ಷರಗಳೆಲ್ಲ ಕಾಣೆ. ಯಾವ ಸೆಟ್ಟಿಂಗ್ ಬದಲಿಸಲಿ?

ಉತ್ತರ: ನೀವು ‘ಬ್ಲ್ಯಾಕ್ ಅಂಡ್ ವೈಟ್’ ಎಂಬ ಆಯ್ಕೆ ಇಟ್ಟಿದ್ದೀರಿ ಎಂದು ನನ್ನ ಊಹೆ. ಹೆಸರು ಕೇಳಿದರೆ ಪುಸ್ತಕಕ್ಕೆ ಹೇಳಿ ಮಾಡಿಸಿದ ಹಾಗಿದೆ. ಆದರೆ ಅದು 1 ಬಿಟ್. ಪ್ರತಿ ಚುಕ್ಕೆಯೂ ಒಂದೋ ಕಪ್ಪು, ಇಲ್ಲ ಬಿಳಿ, ನಡುವೆ ಏನೂ ಇಲ್ಲ. ದಪ್ಪ ಅಕ್ಷರ ಉಳಿದುಕೊಳ್ಳುತ್ತದೆ. ಕೆಳಗೆ ಜೋತುಬಿದ್ದ ತೆಳ್ಳನೆ ಒತ್ತು, ಮೇಲಿನ ಗುಡಿಸು, ಮಹಾಪ್ರಾಣದ ಸೀಳು ಇವು ಮಾಸಿದ್ದರೆ ಬಿಳಿಯ ಕಡೆಗೆ ಬಿದ್ದುಹೋಗುತ್ತವೆ. ‘ಅಕ್ಕ’ ಇದ್ದದ್ದು ‘ಅಕ’ ಆಗುತ್ತದೆ.

ಗ್ರೇಸ್ಕೇಲ್‌ಗೆ ಬದಲಿಸಿ. 300 ಡಿಪಿಐ ಇಡಿ, ಅಕ್ಷರ ತೀರಾ ಸಣ್ಣದಿದ್ದರೆ 400. ಓಸಿಆರ್ ಭಾಷೆ ಕನ್ನಡವೇ ಇದೆಯಾ ನೋಡಿ. ಟೆಸೆರಾಕ್ಟ್ ಎಂಬ ಉಚಿತ ಓಸಿಆರ್‌ಗೆ ಕನ್ನಡದ ಡೇಟಾ ಇದೆ, ಆದರೆ ಅದನ್ನು ಬೇರೆಯಾಗಿ ಹಾಕಿಕೊಳ್ಳಬೇಕು. ನ್ಯಾಪ್ಸ್2 ಒಳಗೂ ಓಡುವುದು ಅದೇ. ಪುಟ ವಾರೆಯಾಗಿದ್ದರೆ ಡಿಸ್ಕ್ಯೂ ಹಾಕಿ.

ಕಾಗದ ತೆಳುವಾಗಿ ಹಿಂದಿನ ಪುಟದ ಅಕ್ಷರ ಇಣುಕುತ್ತಿದ್ದರೆ ಪುಟದ ಹಿಂದೆ ಒಂದು ಕಪ್ಪು ಹಾಳೆ ಇಡಿ. ಹಿಂಬದಿಯ ಅಕ್ಷರ ಇಣುಕುವುದು ಮುಚ್ಚಳದ ಬಿಳಿ ಬೆಳಕನ್ನು ವಾಪಸು ಕಳಿಸುವುದರಿಂದ. ಕಪ್ಪು ಇಟ್ಟರೆ ಆ ಬೆಳಕು ಹಿಂತಿರುಗುವುದಿಲ್ಲ. ಪುಟ ಕೊಂಚ ಬೂದಿಯಾಗಿ ಬರುತ್ತದೆ, ಅಕ್ಷರ ಮಾತ್ರ ಒಂದೇ ಬದಿಯದು.

ಪ್ರಶ್ನೆ: ಹಾಳೆಗಳನ್ನು ತಾನೇ ಎಳೆದುಕೊಳ್ಳುವ ಫೀಡರ್‌ನಲ್ಲಿ ಸ್ಕ್ಯಾನ್ ಮಾಡಿದರೆ ಪ್ರತಿ ಪುಟದಲ್ಲೂ ಮೇಲಿಂದ ಕೆಳಗೆ ಒಂದು ಕಪ್ಪು ಗೆರೆ. ಗಾಜಿನ ಮೇಲಿಟ್ಟು ಮಾಡಿದರೆ ಇಲ್ಲ. ಎಲ್ಲ ಸೆಟ್ಟಿಂಗ್ ಬದಲಿಸಿ ನೋಡಿದೆ, ಡ್ರೈವರ್ ಕೂಡ ಮತ್ತೆ ಹಾಕಿದೆ. ಹೋಗುತ್ತಿಲ್ಲ.

ಉತ್ತರ: ಯಾವ ಸೆಟ್ಟಿಂಗೂ ಬೇಡ. ಫೀಡರ್‌ನಲ್ಲಿ ಹಾಳೆ ಓಡುತ್ತದೆ, ಸೆನ್ಸರ್ ಒಂದೇ ಕಡೆ ನಿಂತಿರುತ್ತದೆ. ಅದು ನೋಡುವ ಜಾಗದಲ್ಲಿ ಒಂದು ಕಣ ಅಂಟಿಕೊಂಡರೂ ಹಾಳೆಯುದ್ದಕ್ಕೂ ಗೆರೆಯಾಗಿ ಕಾಣುತ್ತದೆ. ಮುಚ್ಚಳ ಎತ್ತಿ. ದೊಡ್ಡ ಗಾಜಿನ ಪಕ್ಕದಲ್ಲಿ ಬೆರಳಗಲದ ಇನ್ನೊಂದು ಗಾಜಿನ ಪಟ್ಟಿ ಇರುತ್ತದೆ, ಅದೇ ಜಾಗ. ತಿದ್ದುವ ಬಿಳಿ ಶಾಯಿಯ ತುಣುಕೋ ಸ್ಟೇಪ್ಲರ್ ಗೀರೋ ಇದ್ದೀತು. ಬೆರಳು ಆಡಿಸಿದರೆ ಕಣ್ಣಿಗಿಂತ ಮೊದಲು ಉಗುರಿಗೆ ಸಿಗುತ್ತದೆ. ಚೂರು ಒದ್ದೆ ಮಾಡಿದ ಮೆತ್ತನೆ ಬಟ್ಟೆಯಲ್ಲಿ ಒರೆಸಿ. ಗೀರಾಗಿದ್ದರೆ ಮಾತ್ರ ಗಾಜು ಬದಲಿಸಬೇಕು.